ಬಾಬಾಸಾಹೇಬರ ವಯಲಿನ್ ಮತ್ತು ನಮ್ಮ ಓಣಿಯ ಹಲಗಿ

ಸ್ವಲ್ಪ ಉದ್ದ ಬರದೀನಿ, ಪುರುಸೊತ್ತು ಇದ್ದಾಗ ಓದ್ರಿ.

ಪುಣೆಯಲ್ಲಿ ಸಿಂಬಯೋಸಿಸ್ ಸಂಸ್ಥೆಯವರು ನಡೆಸುವ ಬಾಬಾಸಾಹೇಬ ಅಂಬೇಡ್ಕರ್ ವಸ್ತುಸಂಗ್ರಹಾಲಯ ಐತಿ. 1996ರಲ್ಲಿ ತೆರೆದದ್ದು. ಮಾಯಿಸಾಹೇಬ ಸವಿತಾ ಅಂಬೇಡ್ಕರ್ ಅವರು ಕೊಟ್ಟ ವಸ್ತುಗಳು ಅಲ್ಲಿವೆ. ಬಾಬಾಸಾಹೇಬರು ಕೊನೆಯುಸಿರೆಳೆದ ಮಂಚ, ಅವರು ತೊಡುತ್ತಿದ್ದ ಬಟ್ಟೆ, ಭಾರತರತ್ನ ಪದಕ. ಅವುಗಳ ನಡುವೆ ಒಂದು ವಯಲಿನ್ ಕೂಡ ಐತಿ. ಹೌದು, ವಯಲಿನ್. ಬದುಕಿನ ಕೊನೆಯ ವರ್ಷಗಳಲ್ಲಿ, ಸಕ್ಕರೆ ಕಾಯಿಲೆ, ಕಾಲು ನೋವು, ಕಣ್ಣಿನ ತೊಂದರೆ ಎಲ್ಲಾ ಇದ್ದಾಗ, ಆ ಮನುಷ್ಯ ಗುರುವೊಬ್ಬರ ಹತ್ತಿರ ವಯಲಿನ್ ಕಲೀತಿದ್ದರು. ಚಿತ್ರ ಬಿಡಿಸೋದನ್ನೂ ಕಲೀತಿದ್ದರು. ಒಂದು ಕೈಗೆ ಕುಂಚ, ಇನ್ನೊಂದು ಹೊತ್ತಿಗೆ ಕಮಾನು. ಸಂವಿಧಾನ ಬರೆದು ಮುಗಿಸಿದ ಮೇಲೆ, ಬುದ್ಧನ ಪುಸ್ತಕ ಬರೆಯುತ್ತಿದ್ದ ಕಾಲದಲ್ಲಿ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಯಾವ ಸರ್ಕಲ್ಲಿಗೆ ಹೋದರೂ ಬಾಬಾಸಾಹೇಬರು ನೀಲಿ ಕೋಟು ಹಾಕಿ, ಒಂದು ಬೆರಳು ಮುಂದೆ ಮಾಡಿ, ಕಂಕುಳಲ್ಲಿ ಪುಸ್ತಕ ಹಿಡಿದು ನಿಂತಾರ. ಅದು ಸರಿಯೇ. ಆ ಬೆರಳಿಗಾಗಿ, ಆ ಪುಸ್ತಕಕ್ಕಾಗಿ ನಮ್ಮ ಹಿರಿಯರು ಏಟು ತಿಂದಾರ. ಆದರೆ ಗದ್ದದ ಕೆಳಗೆ ವಯಲಿನ್ ಒತ್ತಿ ಹಿಡಿದ ಬಾಬಾಸಾಹೇಬರು ನಮ್ಮ ಕಣ್ಣ ಮುಂದೆ ಬರೂದೇ ಇಲ್ಲ. ಯಾಕ ಬರೂದಿಲ್ಲ ಅಂತ ಕೇಳಿಕೊಳ್ಳೋ ಕಾಲ ಬಂದೈತಿ ಅಂತ ನನ್ನ ಅನಿಸಿಕೆ.

ಈ ಮಾತು ಈಗ ಯಾಕ ಅಂದ್ರ, ಹೋದ ವಾರ ನಮ್ಮ ಅಕ್ಕನ ಮಗ ಒಂದು ವಿಡಿಯೋ ಕಳಿಸಿದ. ದೊಡ್ಡ ಊರಿನ ಒಂದು ಕಲಾ ಗ್ಯಾಲರಿ. ಬಿಳಿ ಗೋಡೆ, ಗೋಡೆ ಮೇಲೆ ಚಿತ್ರಗಳು. ಒಬ್ಬ ವಯಲಿನ್ ವಾದಕಿ ಒಬ್ಬಳೇ ನಿಂತಾಳ. ತಬಲಾ ಇಲ್ಲ, ತಂಬೂರಿ ಇಲ್ಲ, ಮುಂದೆ ನೋಡಿಕೊಂಡು ನುಡಿಸೋ ಹಾಳೆಯೂ ಇಲ್ಲ. ಒಂದು ಚಿತ್ರದ ಮುಂದೆ ಸುಮ್ಮನೆ ನಿಂತು ನೋಡ್ತಾಳ, ನೋಡಿ ಅದಕ್ಕೆ ಉತ್ತರ ಅನ್ನೋ ಹಾಂಗ ನುಡಿಸ್ತಾಳ, ಮುಂದಿನ ಚಿತ್ರಕ್ಕೆ ಹೋಗ್ತಾಳ. ಮಂದಿ ಅವಳ ಹಿಂದೆ ಸಪ್ಪಳ ಮಾಡದೆ ನಡೀತಾರ. "ಮಾಮಾ, ಇದೇನು ಇದು? ಚಿತ್ರಕ್ಕೆ ಕಿವಿ ಅದಾವೇನು?" ಅಂತ ಕೇಳಿದ. ನಾನು ಅದನ್ನ ನಮ್ಮ ಗುಂಪಿಗೆ ಹಾಕಿದೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ತರಹದವು: ಹೊಟ್ಟಿ ತುಂಬಿದವರ ಆಟ, ಮೀಸಲಾತಿ ಹೋಗಾಕತ್ತೈತಿ, ನಿಮಗ ಪಿಟೀಲು ಬೇಕಾಗೈತಿ.

ಹೊಟ್ಟಿ ತುಂಬಿದವರ ಆಟ ಅನ್ನೋ ಮಾತನ್ನ ನಾನು ಒಪ್ಪೂದಿಲ್ಲ. ಆಟ ಯಾರ ಕೈಯಾಗ ಐತಿ ಅನ್ನೋದು ಬ್ಯಾರೆ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ.

ಚಿತ್ರ ನೋಡಿ ಸಂಗೀತ ಕಟ್ಟೋದು ಇವತ್ತಿನ ಸಂಗತಿ ಅಲ್ಲ. ರಷ್ಯಾದಾಗ ವಿಕ್ಟರ್ ಹಾರ್ಟ್‌ಮನ್ ಅಂತ ಒಬ್ಬ ಚಿತ್ರಕಾರ ಇದ್ದ, 1873ರಲ್ಲಿ ಇನ್ನೂ ನಲವತ್ತು ತುಂಬುವ ಮುಂಚೆ ಸತ್ತ. ಗೆಳೆಯರು ಮರುವರ್ಷ ಅವನ ಚಿತ್ರಗಳ ಪ್ರದರ್ಶನ ಇಟ್ಟರು. ಅವನ ಜೀವದ ಗೆಳೆಯ ಮುಸೋರ್ಗ್‌ಸ್ಕಿ ಆ ಪ್ರದರ್ಶನ ನೋಡಿ ಬಂದು, 1874ರಲ್ಲಿ ಪಿಯಾನೋಗೆ ಒಂದು ಕೃತಿ ಕಟ್ಟಿದ. ಒಂದೊಂದು ಚಿತ್ರಕ್ಕೆ ಒಂದೊಂದು ತುಣುಕು. ಒಂದು ಚಿತ್ರದಿಂದ ಇನ್ನೊಂದಕ್ಕೆ ಅವನೇ ನಡೆದು ಹೋಗುವ ಹೆಜ್ಜೆಗಳಿಗೂ ಸಂಗೀತ. ಅದರೊಳಗೆ ಒಂದು ತುಣುಕು ಎತ್ತಿನ ಗಾಡಿಯದು. ದೊಡ್ಡ ಗಾಲಿಯ ಗಾಡಿ, ಭಾರ ಎಳೆಯುವ ಎತ್ತು. ಯೂಟ್ಯೂಬಿನಾಗ ಸಿಗತೈತಿ, ಕೇಳ್ರಿ. ಎಡಗೈಯ ದಪ್ಪ ಸ್ವರಗಳು ಒಂದರ ಮೇಲೊಂದು ಬಿದ್ದು, ಎರೆಮಣ್ಣಿನಾಗ ಗಾಲಿ ಹುಗಿದಾಗ ಎತ್ತು ಹೆಂಗ ಎಳೀತದ ಹಂಗ ಕೇಳಸ್ತದ. ಡೋಣಿ ಸಾಲಿನ ಎರೆ ಹೊಲದಾಗ ಮಳೆಗಾಲಕ್ಕ ಗಾಡಿ ಹೊಡೆದವರಿಗೆ ಆ ಸಂಗೀತ ಯಾರೂ ತಿಳಿಸಿ ಹೇಳಬೇಕಾಗಿಲ್ಲ.

ಈ ಮುಸೋರ್ಗ್‌ಸ್ಕಿ ಜಮೀನ್ದಾರರ ಮನೆತನದವನು. ಆದರೆ ಅವನ ತಂದೆಯ ತಾಯಿ ಜೀತದಾಳು. ರಷ್ಯಾದಾಗ ಜೀತಪದ್ಧತಿ ರದ್ದಾದದ್ದು 1861ರಲ್ಲಿ, ಅದರ ಹಿಂದೆಯೇ ಅವನ ಮನೆತನದ ಆಸ್ತಿಯೂ ಕರಗಿತು. ಅಜ್ಜಿಯ ರಕ್ತ ಎತ್ತಿನ ಗಾಡಿಯ ಸಂಗೀತದಾಗ ಹರೀತು ಅಂತ ನಾನು ಹೇಳೂದಿಲ್ಲ, ಅಂಥಾ ಕಥಿ ಕಟ್ಟೋದು ಸುಲಭ. ಇಷ್ಟಂತೂ ಖರೆ: ಗ್ಯಾಲರಿ ಗೋಡೆಯ ಮೇಲಿನ ಚಿತ್ರದಾಗ ಕೆಲಸ ಮಾಡೋ ಜೀವ ಇದ್ದಾಗ, ಅದರ ಮುಂದೆ ನಿಂತ ಸಂಗೀತಗಾರನಿಗೆ ಭಾರ ಅಂದ್ರೇನು ಅಂತ ಗೊತ್ತಿರಬೇಕು. ಇಲ್ಲಾಂದ್ರ ಅದು ಬರೇ ಇಂಪು ಆಗಿ ಹೋಗ್ತದ.

ಇನ್ನು ನಮ್ಮ ಜಿಲ್ಲೆಗೇ ಬರೂಣು. ಚಿತ್ರ ಮತ್ತು ಸಂಗೀತ ಒಂದಕ್ಕೊಂದು ಮಾತಾಡಿದ್ದು ನೋಡಾಕ ರಷ್ಯಾಕ್ಕ ಹೋಗೂದು ಬೇಕಾಗಿಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹಿ, 1580ರಿಂದ 1627ರವರೆಗೆ ಬಿಜಾಪುರ ಆಳಿದವನು, ಸ್ವತಃ ಹಾಡುಗಳನ್ನ ಬರೆದ. ಕಿತಾಬ್-ಎ-ನವರಸ್. ದಖನಿ ಭಾಷೆ, ಒಂದೊಂದು ಹಾಡಿಗೆ ಒಂದೊಂದು ರಾಗ. ಸರಸ್ವತಿಯನ್ನೂ ನೆನೆದ, ಕಲಬುರಗಿಯ ಬಂದೇನವಾಜರನ್ನೂ ನೆನೆದ, ತನ್ನ ಆನೆಯನ್ನೂ ತನ್ನ ತಂಬೂರಿಯನ್ನೂ ಹಾಡಿದ. ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಅವನು ತಂಬೂರಿ ನುಡಿಸುತ್ತಾ ಕೂತ ಚಿತ್ರವನ್ನ ಫರ್ರುಖ್ ಹುಸೇನ್ ಬಿಡಿಸಿದ, ಅದು ಈಗ ಪ್ರಾಗ್ ನಗರದ ಸಂಗ್ರಹಾಲಯದಾಗ ಐತಿ. ರಾಗಮಾಲಾ ಚಿತ್ರಗಳೂ ದಖನ್ನಿನಾಗ ಆ ಕಾಲಕ್ಕ ಬೆಳೆದವು. ಅಲ್ಲಿ ಲೆಕ್ಕ ತಿರುಗಾಮುರುಗಾ. ಸಂಗೀತ ಮೊದಲು, ಚಿತ್ರ ಅದಕ್ಕೆ ಉತ್ತರ. ರಾಗವನ್ನ ಒಬ್ಬ ಮನುಷ್ಯನಾಗಿ, ಹೆಂಗಸಾಗಿ, ಮಳೆಯಾಗಿ ಕಂಡು ಬಣ್ಣದಾಗ ಹಿಡಿಯೋದು. ತೊರವಿಯ ಹತ್ತಿರ ನವರಸಪುರ ಅಂತ ಸಂಗೀತಕ್ಕಂತಲೇ ಒಂದು ಪಟ್ಟಣ ಕಟ್ಟಾಕ 1599ರಲ್ಲಿ ಶುರು ಮಾಡಿದ್ದ. 1624ರಲ್ಲಿ ಅದನ್ನ ಸೂರೆ ಮಾಡಿದವನು ಮಲಿಕ್ ಅಂಬರ್, ಆಫ್ರಿಕಾದಿಂದ ಗುಲಾಮನಾಗಿ ಮಾರಾಟವಾಗಿ ಬಂದು ಅಹ್ಮದನಗರದ ರಾಜ್ಯಕ್ಕೇ ದಿಕ್ಕಾದವನು. ಇತಿಹಾಸ ಹಿಂಗೂ ಆಟ ಆಡ್ತದ.

ಇಬ್ರಾಹಿಂನ ಬಗ್ಗೆ ನಮ್ಮ ಜಿಲ್ಲೆಯ ಭಾಷಣಕಾರರು ಭಾಳ ಹೆಮ್ಮೆಯಿಂದ ಮಾತಾಡ್ತಾರ, ಮಾತಾಡಲಿ. ಜಗದ್ಗುರು ಬಾದಶಹಾ ಅನ್ನಿಸಿಕೊಂಡವನು, ಈಗಿನ ದ್ವೇಷದ ಕಾಲಕ್ಕೆ ಅವನ ಹೆಸರು ಬೇಕು. ಆದರೆ ಗೋಲಗುಮ್ಮಟಕ್ಕೆ ಹೋದವರು ಒಂದು ಕಟ್ಟಡ ಗಮನಿಸ್ರಿ. ಗುಮ್ಮಟದ ಮುಂದೆಯೇ ಸಂಗ್ರಹಾಲಯ ಇರೂದು ನಗಾರಖಾನೆಯಾಗ. 1892ರಿಂದ ಅದು ಮ್ಯೂಜಿಯಂ. ನಗಾರಖಾನೆ ಅಂದ್ರ ನಗಾರಿ ಬಡಿಯೋರ ಮನೆ, ಊದುವವರ ಮನೆ. ಹೊತ್ತು ಹೊತ್ತಿಗೆ ಅಲ್ಲಿಂದ ಸಪ್ಪಳ ಏಳಬೇಕಿತ್ತು. ಈಗ ಒಳಗೆ ಶಾಸನ ಅದಾವ, ಕತ್ತಿ ಗುರಾಣಿ ಅದಾವ, ಚೀನಾದ ಪಿಂಗಾಣಿ, ಜಮಖಾನೆ, ಸಣ್ಣ ಚಿತ್ರಗಳು ಅದಾವ. ಸುಲ್ತಾನನ ತಂಬೂರಿಯ ಹೆಸರು ನಾಲ್ಕು ನೂರು ವರ್ಷ ಆದ ಮೇಲೂ ನಮಗ ಗೊತ್ತೈತಿ. ಆ ಮನೆಯಾಗ ನಗಾರಿ ಬಡಿದವರ ಹೆಸರು ಒಂದಾದರೂ ಯಾರಿಗಾದರೂ ಗೊತ್ತೈತೇನು? ನಗಾರಿಗೆ ತೊಗಲು ಹದ ಮಾಡಿ ಬಿಗಿದವರದ್ದು?

ಇಲ್ಲಿಂದಲೇ ನನ್ನ ಮಾತು ಶುರು ಆಗೂದು.

ನಮ್ಮ ಮುತ್ಯಾ ಹಲಗಿ ಬಾರಿಸ್ತಿದ್ದ. ಕಣಿಕಿ ಹಾಕಿ ಬೆಂಕಿ ಮಾಡಿ, ಹಲಗಿಯ ತೊಗಲು ಕಾಯಿಸಿ, ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳೋನು. ಸರಿಯಾದ ದನಿ ಬರೂತನಕ ಏಳತಿರಲಿಲ್ಲ. ವಯಲಿನ್ ವಾದಕಿ ಕಿವಿಯ ಹತ್ತಿರ ತಂತಿ ಮೀಟಿ ಶ್ರುತಿ ಮಾಡಿಕೊಳ್ಳೋದೂ ಇದೇ ಕೆಲಸ. ಒಂದು ಕೈಯಾಗ ದಪ್ಪ ಕೋಲು, ಇನ್ನೊಂದು ಕೈಯಾಗ ಬಳಕುವ ಸಣ್ಣ ಕಡ್ಡಿ. ಸಾವಿಗೆ ಒಂದು ಪೆಟ್ಟು, ಮದುವಿಗೆ ಒಂದು, ದೇವರ ಪಲ್ಲಕ್ಕಿಗೆ ಒಂದು, ಡಂಗುರಕ್ಕೆ ಇನ್ನೊಂದು. ಮನೆಯಾಗ ಕೂತು ಕೇಳಿದರೂ ಊರಾಗ ಏನು ನಡದೈತಿ ಅಂತ ತಿಳೀತಿತ್ತು. ಇಷ್ಟು ವಿದ್ಯೆಗೆ ಸಿಗತಿದ್ದದ್ದು ಸುಗ್ಗಿಯಾಗ ಒಂದಿಷ್ಟು ಆಯ, ಹಬ್ಬದಾಗ ಸೆರಗಿಗೆ ಮ್ಯಾಲಿಂದ ಹಾಕಿದ ರೊಟ್ಟಿ. ಗೌಡರ ಮನೆಯಾಗ ಯಾರಾದರೂ ತೀರಿಕೊಂಡರೆ ಜ್ವರ ಇರಲಿ, ಮಳಿ ಇರಲಿ, ಹೋಗಲೇಬೇಕು. ಬರೂದಿಲ್ಲ ಅನ್ನೋ ಮಾತು ಅವನ ಬಾಯಾಗ ಇರಲೇ ಇಲ್ಲ.

ಇದು ಬರೇ ಊರಿನ ಪದ್ಧತಿ ಆಗಿರಲಿಲ್ಲ, ಸರಕಾರದ ಕಾಯ್ದೆಯೂ ಇದರ ಬೆನ್ನಿಗಿತ್ತು. ನಮ್ಮ ನಾಲ್ಕೂ ತಾಲ್ಲೂಕು 1956ರ ತನಕ ಮುಂಬೈ ಕಡೆಗಿದ್ದವು. ಅಲ್ಲಿನ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಪ್ರಕಾರ ತುಂಡು ಉಂಬಳಿ ಭೂಮಿ ಕೊಟ್ಟು ತಲತಲಾಂತರಕ್ಕೂ ಚಾಕರಿ ಮಾಡಿಸಬಹುದಿತ್ತು. 1928ರಲ್ಲಿ ಮುಂಬೈ ಕೌನ್ಸಿಲ್ಲಿನಾಗ ಇದಕ್ಕೆ ತಿದ್ದುಪಡಿ ತಂದು ನಿಂತವರು ಬಾಬಾಸಾಹೇಬರು. ಆಗ ಆಗಲಿಲ್ಲ. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಕಾಗದದ ಮೇಲೆ ಬಿಟ್ಟಿ ಹೋಯಿತು.

ಕಾಗದದ ಮೇಲೆ ಅಂತ ಯಾಕಂದೆ ಅಂದ್ರ, ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಹಳ್ಳಿಯಾಗ ಹುಡುಗರು ಜಾತ್ರಿಗೆ ಪುಕ್ಕಟೆ ಹಲಗಿ ಬಾರಿಸೂದಿಲ್ಲ ಅಂದರು. ದುಡ್ಡು ಕೊಡ್ರಿ, ಬಾರಿಸ್ತೀವಿ ಅಂದರು, ಇಷ್ಟೇ. ಮರುದಿನದಿಂದ ಹಿಟ್ಟಿನ ಗಿರಣಿ ಬಂದ್, ಚಹಾದಂಗಡಿ ಬಂದ್, ಕಟಿಂಗ್ ಬಂದ್, ಹೊಲದ ಕೂಲಿ ಬಂದ್. ನಾವು ಹತ್ತು ಮಂದಿ ಹೋಗಿ ಅರ್ಜಿ ಕೊಟ್ಟ ಮೇಲೆ ಶಾಂತಿ ಸಭೆ ಆತು. ಸಭೆಯಾಗ ಒಬ್ಬ ಹಿರಿಯರು ಭಾಳ ಮೆತ್ತಗೆ, ಪ್ರೀತಿಯಿಂದಲೇ ಅಂದರು, "ಅದು ಕಲಾ ಅಲ್ಲೇನಪ್ಪಾ, ಕಲಾಕ್ಕ ಬೆಲಿ ಕಟ್ಟಬಾರದು." ಅವತ್ತು ಕಲಾ ಅನ್ನೋ ಶಬ್ದದ ಮೇಲೆ ನನಗ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಬಿಟ್ಟಿ ಮಾಡಿಸೂದು, ಸಾಮಾಜಿಕ ಬಹಿಷ್ಕಾರ ಹಾಕೂದು, ಎರಡೂ ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ಅಪರಾಧ. ಈ ಕಲಮುಗಳನ್ನ ಬಾಯಿಪಾಠ ಮಾಡಿ ಇಟ್ಟುಕೊಳ್ರಿ, ಉಪಯೋಗಕ್ಕ ಬರ್ತಾವ.

ಆದ್ದರಿಂದ ನಮ್ಮ ಚಳವಳಿಯಾಗ ಎರಡು ಮಾತು ಅದಾವ. ಒಂದು, ಹಲಗಿ ಗುಲಾಮಗಿರಿಯ ಗುರುತು, ಸುಟ್ಟು ಹಾಕ್ರಿ. ಇನ್ನೊಂದು, ಹಲಗಿ ನಮ್ಮ ಅಸ್ಮಿತೆ, ಎದಿ ಉಬ್ಬಿಸಿ ಬಾರಿಸ್ರಿ, ತಮಿಳುನಾಡಿನವರು ಪರೈ ಎತ್ತಿ ಹಿಡಿದಾರ ನೋಡ್ರಿ. ಪ್ರತಿ ಶಿಬಿರದಾಗ ಈ ಜಗಳ ರಾತ್ರಿ ಹನ್ನೆರಡರ ತನಕ ನಡೀತದ. ನನಗ ಎರಡೂ ಕಡೆಯವರು ಬೇಕಾದವರು. ಆದರೆ ಎರಡೂ ಕಡೆಯವರು ಮಾತಾಡೂದು ವಾದ್ಯದ ಬಗ್ಗೆ, ಬಾರಿಸುವವನ ಬಗ್ಗೆ ಅಲ್ಲ. ಅವನಿಗೆ ಒಲ್ಲೆ ಅನ್ನೋ ಹಕ್ಕು ಐತೋ ಇಲ್ಲೋ? ಐತಿ ಅಂದ್ರ ಹಲಗಿ ಬಾರಿಸಲಿ, ಬಿಡಲಿ, ಅವನಿಷ್ಟ. ಇಲ್ಲ ಅಂದ್ರ ಗ್ಯಾಲರಿಯೊಳಗೆ ಬಾರಿಸಿದರೂ ಅದು ಬಿಟ್ಟಿಯೇ.

ಇದಕ್ಕೇ ಬಾಬಾಸಾಹೇಬರ ವಯಲಿನ್ ನನಗ ಮುಖ್ಯ ಅನಸ್ತದ. ಯಾವ ಗೌಡನೂ ಅವರಿಗೆ ವಯಲಿನ್ ಬಾರಿಸು ಬಾ ಅಂತ ಹೇಳಿ ಕಳಿಸಿರಲಿಲ್ಲ. ಯಾವ ಜಾತಿಯ ಆಯಕ್ಕೂ ಅದು ಸೇರಿರಲಿಲ್ಲ. ಅವರು ಯಾರಿಗೂ ಕಛೇರಿ ಕೊಡಬೇಕಾಗಿರಲಿಲ್ಲ. ಅರವತ್ತು ದಾಟಿದ ಮನುಷ್ಯ, ತನಗೆ ಬೇಕು ಅನ್ನಿಸಿತು ಅಂತ, ಮೊದಲಿನಿಂದ, ಸಣ್ಣ ಹುಡುಗನ ಹಾಂಗ ಸರಿಗಮ ಕಲಿಯೋದು. ನಮ್ಮ ಮುತ್ಯಾಗೆ ಇಡೀ ಜನ್ಮದಾಗ ಸಿಗದೇ ಇದ್ದದ್ದು ಅದು.

ಕೆಲವರು ಅಂತಾರ, ವಯಲಿನ್ ಮೇಲ್ಜಾತಿಯವರ ವಾದ್ಯ, ನಮಗ್ಯಾಕ? ಇದು ಖರೆ ಅಲ್ಲ. ವಯಲಿನ್ ಯುರೋಪಿನವರ ಜೊತೆ ಬಂದದ್ದು. ಇಲ್ಲಿ ಬಂದ ಮೇಲೆ ಅದಕ್ಕೆ ಜನಿವಾರ ಹಾಕಿದರು ಅಷ್ಟೇ. ಅದರ ಒಳಗೆ ಏನೈತಿ ಗೊತ್ತೇನು? ಹಳೇ ಕಾಲದಿಂದ ಅದರ ತಂತಿ ಮಾಡತಿದ್ದದ್ದು ಕುರಿಯ ಕರುಳಿನಿಂದ. ಕಮಾನಿಗೆ ಕಟ್ಟೋದು ಕುದುರೆ ಬಾಲದ ಕೂದಲು. ಕಟ್ಟಿಗೆಯ ಹಲಗೆಗಳನ್ನ ಜೋಡಿಸೋ ಅಂಟು ದನದ ತೊಗಲು ಕುದಿಸಿ ತೆಗೆದದ್ದು, ಒಳ್ಳೆ ವಯಲಿನ್ ಮಾಡುವವರು ಇವತ್ತಿಗೂ ಅದೇ ಅಂಟು ಹಚ್ತಾರ. ತೊಗಲಿನಿಂದ ಅಂಟಿಸಿದ ವಯಲಿನ್ ಸಭಾದ ವೇದಿಕೆ ಮೇಲೆ ಮಡಿಯಾಗಿ ಕುಂಡ್ರತದ. ತೊಗಲು ಮೇಲೆ ಕಾಣೂ ಹಲಗಿ ಮೈಲಿಗೆ ಆಗಿ ಹೊರಗೆ ನಿಲ್ಲತದ. ಮೃದಂಗದ್ದೂ ಇದೇ ಕಥಿ. ಗಾಯಕ ಟಿ.ಎಂ. ಕೃಷ್ಣ ಅವರು ಮೃದಂಗ ಮಾಡುವ ದಲಿತ ಕ್ರೈಸ್ತ ಕುಟುಂಬಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಜಾಗ ಕೊಟ್ಟು ಆಮೇಲೆ ವಾಪಸ್ ತಗೊಂಡಿತು. ದನದ ತೊಗಲು ವೇದಿಕೆಯ ಮೇಲೆ ಮೃದಂಗವಾಗಿ ಕೂರಬಹುದು, ಆ ತೊಗಲಿನ ಬಗ್ಗೆ ಮಾತಾಡೋ ಪುಸ್ತಕ ಮಾತ್ರ ಕೂರಬಾರದು.

ಈಗ ಗ್ಯಾಲರಿಗೆ ವಾಪಸ್ ಬರ್ತೀನಿ. ಆಟ ಯಾರ ಕೈಯಾಗ ಐತಿ ಅಂತ ಅಂದಿದ್ದೆ. ನೀವೆಲ್ಲ ನೋಡಿರ್ತೀರಿ, ದೊಡ್ಡ ಕಾರ್ಯಕ್ರಮ ಇದ್ದಾಗ ಮಂತ್ರಿಯ ಕಾರು ಬರೂ ಹೊತ್ತಿಗೆ ಗೇಟಿನ ಹತ್ತಿರ ನಮ್ಮ ಹುಡುಗರು ಹಲಗಿ ಬಾರಿಸ್ತಿರ್ತಾರ. ತಲಿಗೆ ಬಾಡಿಗೆ ಪಟಗಾ, ಕೊರಳಿಗೆ ಕೇಸರಿನೋ ಹಳದಿನೋ ಶಲ್ಯ. ಮಂತ್ರಿ ಒಳಗೆ ಹೋದ ಮೇಲೆ ಹಲಗಿ ನಿಲ್ಲತದ, ಬಾಗಿಲು ಮುಚ್ಚತದ, ಒಳಗೆ ಎಸಿ ಹಾಲಿನಾಗ ವಯಲಿನ್ನೋ ಕೊಳಲೋ ಶುರು ಆಗತದ. ಮೆರವಣಿಗೆಗೆ ಹಲಗಿ, ವೇದಿಕೆಗೆ ವಯಲಿನ್. ನಮ್ಮ ವಾದ್ಯಕ್ಕೆ ಸ್ವಾಗತ ಮಾಡೂ ಕೆಲಸ, ಅವರ ವಾದ್ಯಕ್ಕೆ ವಿಚಾರ ಮಾಡೂ ಕೆಲಸ. ಚಿತ್ರದ ಮುಂದೆ ಒಬ್ಬಳೇ ನಿಂತು ಅದಕ್ಕೆ ಉತ್ತರ ಕೊಡಬಹುದು ಅನ್ನೋ ಗೌರವ ಆ ವಯಲಿನ್ ವಾದಕಿಗೆ ಐತಿ ನೋಡ್ರಿ, ನಾನು ಆ ವಿಡಿಯೋದಾಗ ಕಂಡದ್ದು ಅದು. ನುಡಿಸಿದ್ದಕ್ಕಿಂತ ಹೆಚ್ಚಿಗೆ, ನುಡಿಸೂ ಮುಂಚೆ ಅವಳು ಸುಮ್ಮನೆ ನಿಂತದ್ದು. ಯಾರೂ ಅವಸರ ಮಾಡಲಿಲ್ಲ. ಬಾರಿಸು ಬಾರಿಸು ಅನ್ನಲಿಲ್ಲ. ಅವಳ ತಲಿಯಾಗ ಏನೋ ನಡದೈತಿ ಅಂತ ಎಲ್ಲರೂ ನಂಬಿ ಕಾಯ್ದರು. ನಮ್ಮ ಹಲಗಿಯವನಿಗೆ ಯಾರು ಯಾವಾಗ ಹಂಗ ಕಾಯ್ದಾರ?

ಮತ್ತೆ ಯಾವ ಚಿತ್ರದ ಮುಂದೆ ಅನ್ನೋದೂ ಪ್ರಶ್ನೆ. ಹೂವು, ನದಿ, ಮೋಡ ಇದ್ದರೆ ಯಾವ ರಾಗವೂ ನಡೀತದ. ಸವಿ ಸಾವರ್ಕರ್ ಅವರ ಚಿತ್ರದ ಮುಂದೆ ನಿಲ್ಲಲಿ. (ಅಡ್ಡಹೆಸರು ನೋಡಿ ಗಾಬರಿ ಆಗಬ್ಯಾಡ್ರಿ, ಇವರು ನಾಗಪುರದ ದಲಿತ ಕಲಾವಿದರು.) ಕೊರಳಿಗೆ ಗಡಿಗೆ ಕಟ್ಟಿಕೊಂಡು, ಹೆಜ್ಜೆ ಅಳಿಸಾಕ ಪೊರಕೆ ಹಿಡಿದ ಅಸ್ಪೃಶ್ಯನನ್ನ ಅವರು ಮತ್ತೆ ಮತ್ತೆ ಬಿಡಿಸಿದರು. ದೇವದಾಸಿಯರನ್ನ ಬಿಡಿಸಿದರು. ಆ ಗಡಿಗೆಗೆ ಯಾವ ಸ್ವರ? ಉಗುಳೂ ನೆಲಕ್ಕೆ ಬೀಳಬಾರದು ಅಂತ ಕಟ್ಟಿದ ಗಡಿಗೆ ಅದು. ಅದರ ಮುಂದೆ ಇಂಪಾಗಿ ನುಡಿಸೂದು ಸಾಧ್ಯ ಇಲ್ಲ, ನುಡಿಸಬಾರದು ಕೂಡ. ಒಂದೇ ತಂತಿಯ ಮೇಲೆ ಕಮಾನು ಒತ್ತಿ ಎಳೆದರೆ ವಯಲಿನ್ ಕೀರಲು ದನಿಯಾಗ ಒರಲತದ. ಸಂಗೀತದ ಮಾಸ್ತರರು ಅದನ್ನ ತಪ್ಪು ಅಂತಾರ. ಆ ಚಿತ್ರದ ಮುಂದೆ ಅದೇ ಸರಿ ಆಗಬಹುದು. ನಮ್ಮ ಕಡೆಯ ಒಬ್ಬ ಹುಡುಗಿ, ಮುತ್ತು ಕಟ್ಟಿಸಿಕೊಂಡ ಆಯಿಯ ಮೊಮ್ಮಗಳು, ವಯಲಿನ್ ಹಿಡಿದು ಆ ದೇವದಾಸಿ ಚಿತ್ರದ ಮುಂದೆ ನಿಂತಳು ಅಂತ ತಿಳಕೊಳ್ರಿ. ಅವಳು ಏನು ನುಡಿಸ್ತಾಳ ಅನ್ನೋದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಇದುವರೆಗೆ ಯಾರೂ ಕೇಳಿಲ್ಲ. ಅದು ಕೇಳಬೇಕು ಅನ್ನೋದು ಹೊಟ್ಟಿ ತುಂಬಿದವರ ಆಸೆ ಅಂದ್ರ, ಇರಲಿ, ನನ್ನನ್ನೂ ಅದರಾಗ ಸೇರಿಸಿಕೊಳ್ರಿ.

ಮೀಸಲಾತಿ ಹೋಗಾಕತ್ತಾಗ ಇದೆಲ್ಲ ಬೇಕೇನು ಅಂದವರಿಗೆ: ಮೀಸಲಾತಿಗೆ ಹೋರಾಡೂ ದಿನ ಬಾಬಾಸಾಹೇಬರು ರಜಾ ಹಾಕಿದ್ದಿಲ್ಲ, ಆದರೂ ವಯಲಿನ್ ಕಲಿತರು. ರೊಟ್ಟಿ ಮೊದಲು, ಹಾಡು ಆಮೇಲೆ ಅಂತ ನಮಗ ಹೇಳಿಕೊಟ್ಟವರು ಯಾರು? ರೊಟ್ಟಿ, ಹಾಡು ಎರಡೂ ತಮ್ಮ ಮನೆಯಾಗ ಇಟ್ಟುಕೊಂಡವರೇ.

ಏನು ಮಾಡಬಹುದು ಅನ್ನೋದರ ಬಗ್ಗೆ ನನ್ನ ತಲಿಯಾಗ ಇರೂದು ಹೇಳ್ತೀನಿ, ದೊಡ್ಡ ಯೋಜನಾ ಏನಲ್ಲ. ಏಪ್ರಿಲ್ 14ಕ್ಕೆ ಒಂದೊಂದು ಊರಾಗ ಡಿಜೆಗೆ ಎಷ್ಟು ಖರ್ಚು ಆಗತದ ಅಂತ ನಿಮಗ ಗೊತ್ತು. ಡಿಜೆ ಬ್ಯಾಡ ಅಂದ್ರ ಹುಡುಗರು ನನ್ನ ಮ್ಯಾಲೆ ಬೀಳ್ತಾರ, ಅಷ್ಟು ಧೈರ್ಯ ನನಗಿಲ್ಲ. ಒಂದು ತಾಸು ಕಡಿಮಿ ಬಾರಿಸ್ರಿ. ಉಳಿದ ದುಡ್ಡಿನಾಗ ಕಲಿಯೋ ಮಕ್ಕಳಿಗೆ ಆಗುವಂಥ ಸಾದಾ ವಯಲಿನ್ ಬರ್ತದ.

ಎರಡನೇದು ಹಾಸ್ಟೆಲ್. ನಾನು ಗುಮಾಸ್ತ, ಫೈಲು ಹೆಂಗ ನಡೀತದ, ಎಲ್ಲಿ ಕುಂಡ್ರತದ ಅಂತ ಗೊತ್ತೈತಿ. ಬರೇ ಮನವಿ ಕೊಟ್ಟು ಫೋಟೋ ತೆಗಿಸಿಕೊಂಡರೆ ಅದು ಟಪ್ಪಾಲಿನಾಗೇ ಸಾಯತದ. 2013ರ ಪರಿಶಿಷ್ಟ ಜಾತಿ ಉಪಯೋಜನೆ ಕಾಯ್ದೆಯ ಹೆಸರು ಬರೆದು, ಯಾವ ತಾಲ್ಲೂಕಿನ ಯಾವ ಹಾಸ್ಟೆಲ್, ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ತಾಸು ಸಂಗೀತ ಶಿಕ್ಷಕರು ಬೇಕು, ವಾದ್ಯ ಎಷ್ಟು ಅಂತ ಅಂಕಿ ಸಮೇತ ಕೊಡಬೇಕು. ಸ್ವೀಕೃತಿ ಸಂಖ್ಯೆ ತಗೊಂಡು ಮೂವತ್ತು ದಿನದ ಮೇಲೆ ಮಾಹಿತಿ ಹಕ್ಕಿನಾಗ ಅದೇ ಫೈಲಿನ ಟಿಪ್ಪಣಿ ಹಾಳೆ ಕೇಳಬೇಕು. ಆಗ ಫೈಲು ಏಳತದ. ಕರಡು ನಾನು ಬರೆದುಕೊಡ್ತೀನಿ.

ಮೂರನೇದು, ನಮ್ಮ ಮುದುಕರು ಇರೂತನಕ ಹಲಗಿಯ ಪೆಟ್ಟುಗಳನ್ನ ಫೋನಿನಾಗಾದರೂ ಹಿಡಿದಿಡ್ರಿ. ಹಲಸಂಗಿಯ ಗೆಳೆಯರು ಊರೂರು ತಿರುಗಿ ಜನಪದ ಹಾಡು ಕೂಡಿಸಿದ್ದು ನಾವೆಲ್ಲ ಪಾಠದಾಗ ಓದೀವಿ. ಹಾಡು ಪುಸ್ತಕಕ್ಕೆ ಬಂತು, ಹಲಗಿ ಪುಸ್ತಕಕ್ಕೆ ಬರೂದಿಲ್ಲ, ಅದಕ್ಕೆ ಅಕ್ಷರ ಇಲ್ಲ. ಬಾರಿಸಿದವರ ಹೆಸರು, ಊರು, ಯಾವ ಸಂದರ್ಭದ ಪೆಟ್ಟು ಅನ್ನೋದನ್ನೂ ಅವರ ಬಾಯಿಂದಲೇ ಹೇಳಿಸಿ. ಹೇಳಾಕ ಒಲ್ಲೆ ಅಂದ್ರ ಬಿಟ್ಟು ಬರ್ರಿ. ಬಾರಿಸಾಕ ಒಲ್ಲೆ ಅಂದ್ರಂತೂ ಕೈ ಮುಗಿದು ಬರ್ರಿ.

ವಿಜಯಪುರದಾಗ ಭಾನುವಾರ ದಿನ ನಾಲ್ಕೈದು ಮಕ್ಕಳಿಗೆ ವಯಲಿನ್ ಕಲಿಸಾಕ ಒಪ್ಪುವವರು ಯಾರಾದರೂ ಇದ್ದರೆ, ಮನೆಯಾಗ ಧೂಳು ತಿನ್ನೋ ವಯಲಿನ್ ಇದ್ದರೆ, ತಿಳಿಸ್ರಿ. ಪುಕ್ಕಟೆ ಕಲಿಸ್ರಿ ಅಂತ ಕೇಳೂದಿಲ್ಲ, ಫೀ ಕೂಡಿಸಿ ಕೊಡ್ತೀವಿ. ಫೋನ್ ನಂಬರ್ ಇಲ್ಲಿ ಹಾಕಬ್ಯಾಡ್ರಿ, ಇನ್‌ಬಾಕ್ಸಿಗೆ ಕಳಿಸ್ರಿ.